ದೀಪದ ಬುಡ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲಿಯೇ ಅವಿವೇಕ ಕಂಡುಬಂದರೆ ಈ ಮಾತನ್ನಾಡಿ ನಗುತ್ತೇವೆ. ಎಣ್ಣೆಯ ಹಣತೆಯ ಕಾಲದಲ್ಲಿ ಹುಟ್ಟಿದ ಗಾದೆ ಇದು. ಹಣತೆಯ ಬುಡ ಮನೆಯೊಳಗೇ ಇರುತ್ತಿತ್ತು. ಅದರ ಕತ್ತಲೆಯೂ ಗೇಣಗಲದ್ದು. ದೀಪ ಹಚ್ಚಿದವನ ಕಣ್ಣಿಗೆ ಅದು ಕಾಣುತ್ತಿತ್ತು. ಈಗ ನಮ್ಮ ದೀಪಗಳ ಬುಡ ನಮ್ಮ ಮನೆಗಳಲ್ಲಿಲ್ಲ. ಬೆಂಗಳೂರಿನ ಒಂದು ಕೋಣೆಯಲ್ಲಿ ಗುಂಡಿಯೊತ್ತಿದಾಗ ಬೆಳಗುವ ದೀಪಕ್ಕೆ ಬುಡ ರಾಯಚೂರಿನ ಶಕ್ತಿನಗರದಲ್ಲಿರಬಹುದು, ಶರಾವತಿಯ ಕಣಿವೆಯಲ್ಲಿರಬಹುದು, ಉಡುಪಿ ಜಿಲ್ಲೆಯ ನಂದಿಕೂರಿನ ಮಗ್ಗುಲಿನಲ್ಲಿರಬಹುದು. ಬುಡ ದೂರವಾದಂತೆಲ್ಲ ಕತ್ತಲೆಯೂ ಹಿಗ್ಗಿತು; ನಮಗೆ ಕಾಣುವುದು ಮಾತ್ರ ನಿಂತುಹೋಯಿತು. ಕಣ್ಣಿಗೆ ಕಾಣದ ಕತ್ತಲೆಗೆ ನಾವು ಹೊಣೆಗಾರರೇ? ನಾಡಿನ ಹಿತಕ್ಕಾಗಿ ಒಂದು ಊರು ಎಷ್ಟನ್ನು ತೆರಬೇಕು? ಅಷ್ಟು ತೆರಲಾರೆ ಎಂದು ಹೇಳುವ ಹಕ್ಕು ಆ ಊರಿಗುಂಟೇ? ಇವು ಹಳೆಯ ಪ್ರಶ್ನೆಗಳು. ಆದರೆ ನಂದಿಕೂರಿನಂಥ ಒಂದು ಊರಿನ ಹೆಸರು ಹಿಡಿದು ಕೇಳಿದಾಗ ಅವು ಹೊಸದಾಗಿ ಚುಚ್ಚುತ್ತವೆ.

ನಂದಿಕೂರು ದೊಡ್ಡ ಊರೇನಲ್ಲ. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೊರಟ ಬಸ್ಸು ಸಮುದ್ರಕ್ಕೆ ಬೆನ್ನು ಹಾಕಿ ಸ್ವಲ್ಪ ದೂರ ಸಾಗುವಷ್ಟರಲ್ಲಿ ಸಿಕ್ಕುವ ಹಳ್ಳಿ. ತೆಂಗಿನ ತೋಟ, ಬೈಲುಗದ್ದೆ, ಮುರಕಲ್ಲಿನ ಗುಡ್ಡ, ಮನೆಗೊಂದು ಬಾವಿ: ತುಳುನಾಡಿನ ನೂರಾರು ಹಳ್ಳಿಗಳಂತೆ ಇದೂ ಒಂದು. ಪಕ್ಕದ ಅಡ್ವೆಯೊಡನೆ ಸೇರಿ ಕಂಬಳಕ್ಕೆ ಹೆಸರಾಗಿದ್ದ ಊರು, 1990ರ ದಶಕದಲ್ಲಿ ಬೇರೊಂದು ಕಾರಣಕ್ಕೆ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ತ್ವರಿತಗತಿಯಲ್ಲಿ ನಡೆಸಬೇಕೆಂದು ಆಗ ಕೇಂದ್ರ ಸರಕಾರ ಆರಿಸಿಕೊಂಡ ಎಂಟು ಖಾಸಗಿ ವಿದ್ಯುತ್ ಯೋಜನೆಗಳಲ್ಲಿ ಒಂದು ಇಲ್ಲಿಗೆ ಗೊತ್ತಾಯಿತು. ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿಯ ಯೋಜನೆ. ಸಾವಿರ ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ. ಊರಿನವರು ವಿರೋಧಿಸಿದರು, ಸಭೆ ಸೇರಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವ್ಯಾಜ್ಯ ಬೆಳೆಯಿತು, ವರ್ಷಗಳು ಉರುಳಿದವು. 1999ರ ಡಿಸೆಂಬರಿನಲ್ಲಿ ಕಂಪೆನಿ ಯೋಜನೆಯನ್ನು ಕೈಬಿಟ್ಟು ಹೊರಟಿತು.

ಗೆದ್ದೆವೆಂದು ಊರು ನಿಟ್ಟುಸಿರು ಬಿಟ್ಟದ್ದು ಬಹುಕಾಲ ನಿಲ್ಲಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಇನ್ನೊಂದು ಸ್ಥಾವರ ನೆರೆಯ ಎಲ್ಲೂರಿನಲ್ಲಿ ಏಳತೊಡಗಿತು. ಉಡುಪಿ ಪವರ್ ಕಾರ್ಪೊರೇಷನ್ನಿನ ಈ ಸ್ಥಾವರದ ಮೊದಲನೆಯ ಘಟಕ 2010ರಲ್ಲಿಯೂ ಎರಡನೆಯದು 2012ರಲ್ಲಿಯೂ ಕೆಲಸಕ್ಕೆ ತೊಡಗಿದವು. ಎರಡೂ ಸೇರಿ 1,200 ಮೆಗಾವಾಟು. ಕಲ್ಲಿದ್ದಲು ಹೊರದೇಶದ್ದು, ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಬರತಕ್ಕದ್ದು. ತಂಪು ಮಾಡುವುದಕ್ಕೆ ಸಮುದ್ರದ ನೀರು, ಕೊಳವೆಗಳಲ್ಲಿ ಬರತಕ್ಕದ್ದು. ಸುಟ್ಟ ಮೇಲೆ ಉಳಿಯತಕ್ಕದ್ದು ಹಾರುಬೂದಿ. ಬಾವಿಯ ನೀರು ಉಪ್ಪಾಯಿತೆಂದು, ಎಲೆಗಳ ಮೇಲೆ ಬೂದಿ ಕೂತಿತೆಂದು, ಮಲ್ಲಿಗೆ ಕರಟಿತೆಂದು ಸುತ್ತಣ ಮನೆಗಳವರು ವರ್ಷಗಟ್ಟಲೆ ದೂರಿದರು. ನಂದಿಕೂರಿನ ಜನಜಾಗೃತಿ ಸಮಿತಿ ಈ ದೂರುಗಳನ್ನು ಹೊತ್ತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ನಡೆಯಿತು. ಮಂಡಳಿ 2019ರ ಮಾರ್ಚಿಯಲ್ಲಿ 5 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನೂ, 2022ರ ಮೇ ತಿಂಗಳ ಕೊನೆಗೆ ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನೂ ಕಂಪೆನಿಯ ಮೇಲೆ ವಿಧಿಸಿತು.

ಕಥೆಯ ಮೈ ಇಷ್ಟು. ಇನ್ನು ಅದರ ಧರ್ಮವಿಚಾರ.

ಮೊದಲು ಎದುರು ಪಕ್ಷದ ಮಾತನ್ನು ಸರಿಯಾಗಿ ಕೇಳಬೇಕು. ನಾಡಿಗೆ ವಿದ್ಯುತ್ತು ಬೇಕು. ಅದು ಬರಿಯ ಸಿರಿವಂತರ ತಣ್ಣನೆಯ ಕೋಣೆಗಳಿಗೆ ಬೇಕಾದದ್ದಲ್ಲ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಗೆ ಬೇಕು; ಒಣಭೂಮಿಯ ರೈತನ ಪಂಪಿಗೆ ಬೇಕು; ಚಿಮಣಿ ದೀಪದ ಹೊಗೆಯಲ್ಲಿ ಓದುವ ಹುಡುಗಿಗೆ ಬೇಕು. ಬಡತನ ಹೋಗಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಶಕ್ತಿ ಬೇಕು, ಶಕ್ತಿ ಎಲ್ಲಿಯೋ ಒಂದು ಕಡೆ ಹುಟ್ಟಬೇಕು. ಹುಟ್ಟುವ ಕಡೆ ಕೆಲವರಿಗೆ ತೊಂದರೆಯಾದೀತು; ಆದರೆ ಕೋಟಿ ಜನರ ಸುಖದ ಮುಂದೆ ಸಾವಿರ ಜನರ ಕಷ್ಟ ಎಷ್ಟರದು? ಇದು ತಳ್ಳಿಹಾಕತಕ್ಕ ವಾದವಲ್ಲ. ಹಸಿರಿನ ಮಾತಾಡುವವರು ಬಡತನವನ್ನು ಮರೆತರೆ ಅವರ ಮಾತು ತುಂಬಿದ ಹೊಟ್ಟೆಯ ವಿಲಾಸವಾಗುತ್ತದೆ.

ಈ ವಾದಕ್ಕೆ ಬೆಂಬಲವಾಗಿ ಮಹಾಭಾರತವನ್ನೇ ತೋರಿಸುವವರುಂಟು. ವ್ಯಕ್ತಿಗಿಂತ ಕುಲ ದೊಡ್ಡದು, ಕುಲಕ್ಕಿಂತ ಗ್ರಾಮ, ಗ್ರಾಮಕ್ಕಿಂತ ನಾಡು; ಹಿರಿದರ ಸಲುವಾಗಿ ಕಿರಿದನ್ನು ಬಿಡಬೇಕು ಎಂಬ ವಿದುರನ ನೀತಿ ಅದು. ಗ್ರಾಮವನ್ನು ನಾಡಿಗಾಗಿ ಬಿಡಬಹುದೆಂದು ವಿದುರನೇ ಹೇಳಿರುವಾಗ ನಂದಿಕೂರಿನವರ ತಕರಾರೇನು ಎಂದು ಕೇಳಬಹುದು. ಆದರೆ ಶಾಸ್ತ್ರದ ಮಾತನ್ನು ತೂಗುವಾಗ ಯಾರು ಯಾರಿಗೆ ಹೇಳಿದರು ಎಂಬುದನ್ನೂ ತಕ್ಕಡಿಗೆ ಹಾಕಬೇಕು. ದ್ಯೂತದ ಅನರ್ಥ ಕಣ್ಣೆದುರಿಗಿದ್ದಾಗ ವಿದುರ ಈ ಮಾತನ್ನು ಹೇಳಿದ್ದು ಧೃತರಾಷ್ಟ್ರನಿಗೆ. ಬಿಡು ಎಂದು ತೋರಿಸಿದ್ದು ದುರ್ಯೋಧನನನ್ನು. ಅಧಿಕಾರವುಳ್ಳ ತಂದೆಯೊಬ್ಬನಿಗೆ, ನಿನ್ನದೇ ಆದ, ನಿನಗೆ ಎಲ್ಲಕ್ಕಿಂತ ಪ್ರಿಯವಾದ ವಸ್ತುವನ್ನು ಲೋಕಹಿತಕ್ಕಾಗಿ ಬಿಡು ಎಂದು ಹೇಳಿದ ಕಠಿನವಾದ ಬುದ್ಧಿವಾದ ಅದು. ನಾವು ಅದನ್ನು ತಿರುಗಿಸಿ ಹಿಡಿದಿದ್ದೇವೆ. ಅಧಿಕಾರವುಳ್ಳವರು ಅಧಿಕಾರವಿಲ್ಲದವರಿಗೆ, ಅವರದೇ ಆದದ್ದನ್ನು ನಮ್ಮ ಹಿತಕ್ಕಾಗಿ ಬಿಡಿರೆಂದು ಹೇಳುವುದಕ್ಕೆ ಉಪಯೋಗಿಸುತ್ತಿದ್ದೇವೆ. ಹಾಗೆ ಹಿಡಿದಾಗ ನೀತಿಯ ಅಲಗು ಅನೀತಿಯ ಕಡೆಗೆ ತಿರುಗುತ್ತದೆ. ಆ ಮೆಟ್ಟಿಲುಗಳ ಕೊನೆಯಲ್ಲಿ ಇನ್ನೊಂದು ಮೆಟ್ಟಿಲುಂಟು ಎಂಬುದನ್ನೂ ಮರೆಯಬಾರದು: ಆತ್ಮದ ಸಲುವಾಗಿ ಇಡೀ ಭೂಮಿಯನ್ನೇ ಬಿಡಬೇಕೆಂಬುದು. ಅಂದರೆ ನಾಡಿನ ಹಿತವೇ ಕೊನೆಯ ಮಾತೆಂದು ವಿದುರನೂ ಹೇಳಲಿಲ್ಲ.

ತ್ಯಾಗವೆಂಬುದು ಕೊಡುವವನು ಮಾಡತಕ್ಕ ಕೆಲಸ. ಅವನ ಪರವಾಗಿ ಇನ್ನೊಬ್ಬನು ಅದನ್ನು ಮಾಡಲು ಬಾರದು. ದಧೀಚಿ ತನ್ನ ಎಲುಬನ್ನು ತಾನೇ ಕೊಟ್ಟ. ದೇವತೆಗಳು ಬಂದು ಬೇಡಿದರೇ ಹೊರತು ಕಿತ್ತುಕೊಳ್ಳಲಿಲ್ಲ. ನಮ್ಮ ಕಾಯಿದೆ ಈ ಸೂಕ್ಷ್ಮದ ಹತ್ತಿರಕ್ಕೆ ಬಂದು ನಿಂತುಬಿಟ್ಟಿದೆ. ದೊಡ್ಡ ಯೋಜನೆಗಳಿಗೆ ಮೊದಲು ಸಾರ್ವಜನಿಕರ ಅಹವಾಲು ಕೇಳಬೇಕೆಂಬ ನಿಯಮ 1997ರಿಂದ ಬಂದಿದೆ. ಶಾಮಿಯಾನ ಹಾಕಿ, ಅಧಿಕಾರಿಗಳನ್ನು ಕೂರಿಸಿ, ಜನರ ಮಾತನ್ನು ಬರೆದುಕೊಳ್ಳುತ್ತಾರೆ. ಆದರೆ ಕೇಳುವುದು ಕಡ್ಡಾಯ; ಕೇಳಿದಂತೆ ನಡೆಯುವುದು ಕಡ್ಡಾಯವಲ್ಲ. ಬೇಡವೆಂದರೂ ಬರುವುದಾದರೆ ಬೇಕೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಖಾಸಗಿ ಕಂಪೆನಿಗಾಗಿ ನೆಲ ತೆಗೆದುಕೊಳ್ಳುವಾಗ ನೂರಕ್ಕೆ ಎಂಬತ್ತು ಕುಟುಂಬಗಳ ಒಪ್ಪಿಗೆ ಬೇಕೆಂಬ ಮಾತು 2013ರ ಭೂಸ್ವಾಧೀನ ಕಾಯಿದೆಯಲ್ಲಿ ಬಂದಿತು. ಎಲ್ಲೂರಿನ ನೆಲ ಕೈಬದಲಾಯಿಸಿದ್ದು ಅದಕ್ಕಿಂತ ಹಿಂದೆ.

ಆ ನೆಲದ ಚರಿತ್ರೆಯನ್ನೂ ಒಂದು ಗಳಿಗೆ ನೋಡಬೇಕು. ದಕ್ಷಿಣ ಕನ್ನಡದ ಗದ್ದೆಗಳನ್ನು ತಲೆಮಾರುಗಳ ಕಾಲ ಉತ್ತವರು ಗೇಣಿದಾರರು. ಅಕ್ಕಿಯ ಮುಡಿಗಳು ಹೋಗಿ ಸೇರುತ್ತಿದ್ದುದು ಧಣಿಯ ಅಂಗಳಕ್ಕೆ. 1974ರ ಭೂಸುಧಾರಣೆಯ ತಿದ್ದುಪಡಿ ಬಂದು ಉಳುವವನೇ ಒಡೆಯನಾದ. ರಾಜ್ಯದಲ್ಲಿ ಈ ಕಾಯಿದೆ ಅತ್ಯಂತ ಫಲಕಾರಿಯಾದ ಜಿಲ್ಲೆಗಳಲ್ಲಿ ಇದೊಂದು. ಮುತ್ತಜ್ಜನ ಕಾಲದಿಂದ ಗೇಣಿ ಸಂದಾಯ ಮಾಡಿದ ಕುಟುಂಬಕ್ಕೆ ಮೊದಲ ಬಾರಿ ಸ್ವಂತದ್ದೆಂಬ ಒಂದು ಎಕರೆ, ಎರಡು ಎಕರೆ ಬಂದು, ಬಾವಿ ತೋಡಿ, ತೆಂಗಿನ ಸಸಿ ನೆಟ್ಟು, ಅದು ಫಲ ಕೊಡುವ ಹೊತ್ತಿಗೆ ನಾಡಿನ ಹಿತದ ನೋಟೀಸು ಬಂದಿತು. ಒಂದು ಕೈಯಿಂದ ಬಡತನ ನೀಗಿದ ಸರಕಾರವೇ ಇನ್ನೊಂದು ಕೈಯನ್ನು ಚಾಚಿತೆಂದು ಆ ಮನೆಯವನಿಗೆ ತೋರಿದರೆ ಅವನನ್ನು ಅಭಿವೃದ್ಧಿಯ ವೈರಿಯೆಂದು ಕರೆಯುವುದು ಹೇಗೆ?

ಬಡತನವೆಂದರೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಾವು ಬಡತನವನ್ನು ರೂಪಾಯಿಯಲ್ಲಿ ಅಳೆಯುತ್ತೇವೆ. ದಿನಕ್ಕೆ ಇಷ್ಟು ಸಂಪಾದನೆಗಿಂತ ಕಡಿಮೆಯಾದರೆ ಬಡವ; ಹೆಚ್ಚಾದರೆ ಅಲ್ಲ. ಕರಾವಳಿಯ ಒಂದು ಸಾಮಾನ್ಯ ಹಿತ್ತಿಲನ್ನು ಈ ಅಳತೆಗೋಲಿನಿಂದ ಅಳೆದು ನೋಡಿ. ಅಲ್ಲೊಂದು ಬಾವಿಯುಂಟು. ಅದರ ನೀರಿಗೆ ಬೆಲೆಯಿಲ್ಲ, ಆದುದರಿಂದ ಲೆಕ್ಕಕ್ಕಿಲ್ಲ. ಬಾವಿಯ ಬಳಿ ಬಸಳೆಯ ಚಪ್ಪರವುಂಟು, ಅದೂ ಲೆಕ್ಕಕ್ಕಿಲ್ಲ. ಹಲಸಿನ ಮರವುಂಟು, ಕೊಟ್ಟಿಗೆಯಲ್ಲಿ ಹಸುವುಂಟು, ಗುಡ್ಡದಲ್ಲಿ ಸೊಪ್ಪು ತರಗೆಲೆಗಳುಂಟು. ಇವು ಯಾವುದೂ ಅಂಗಡಿಯಿಂದ ಬಂದದ್ದಲ್ಲವಾದುದರಿಂದ ಸಂಪತ್ತಿನ ಪಟ್ಟಿಗೆ ಸೇರುವುದಿಲ್ಲ. ಈಗ ಆ ಬಾವಿಯ ನೀರು ಉಪ್ಪಾಯಿತೆನ್ನಿ. ಮನೆಯವರ ಸಂಪಾದನೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಮನೆಯ ಹುಡುಗನಿಗೆ ಸ್ಥಾವರದಲ್ಲಿ ಕೂಲಿ ಸಿಕ್ಕಿದ್ದರೆ ಹೆಚ್ಚಾಗಿಯೂ ಇರಬಹುದು. ಅಂಕಿಅಂಶದ ಪ್ರಕಾರ ಅವರು ಮೇಲೇರಿದ್ದಾರೆ. ಆದರೆ ಬೆಳಗ್ಗೆ ಎದ್ದು ಟ್ಯಾಂಕರಿನ ದಾರಿ ಕಾಯುವ ಹೆಂಗಸಿಗೆ ತಾನು ಬಡವಳಾದೆನೆಂದು ಗೊತ್ತು. ಅವಳು ಕಳೆದುಕೊಂಡದ್ದು ನೀರಿನೊಡನೆ ಒಂದು ಸ್ವಾತಂತ್ರ್ಯವನ್ನೂ. ಮೊದಲು ನೀರಿಗಾಗಿ ಅವಳು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಮಲ್ಲಿಗೆಯ ಮಾತೂ ಹೀಗೆಯೇ. ಉಡುಪಿಯ ಮಲ್ಲಿಗೆ, ಶಂಕರಪುರದ ಮಲ್ಲಿಗೆಯೆಂದು ಹೆಸರಾದ ಈ ಹೂ ದೊಡ್ಡ ತೋಟಗಾರರ ಬೆಳೆಯಲ್ಲ. ಹತ್ತಿಪ್ಪತ್ತು ಗಿಡಗಳ ಅಂಗಳವೇ ಅದರ ತೋಟ. ಮನೆಯ ಹೆಂಗಸರು ಮುಂಜಾನೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟುತ್ತಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಶಂಕರಪುರದಲ್ಲಿ ದಿನದಿನವೂ ದರ ಗೊತ್ತಾಗುತ್ತದೆ. ಹೂ ಮುಂಬಯಿಗೂ ಹೋಗುತ್ತದೆ. ಹಿಂದೂ ಮನೆಯ ಮದುವೆಗೂ ಕ್ರೈಸ್ತ ಮನೆಯ ಮದುವೆಗೂ ಅದೇ ಹೂ. ದೈವದ ಕೋಲಕ್ಕೂ ಅದೇ. ಭೂಮಿಯಿಲ್ಲದ ವಿಧವೆಯೊಬ್ಬಳು ಮಕ್ಕಳ ಶಾಲೆಯ ಫೀಸನ್ನು ಈ ಮೊಗ್ಗುಗಳಿಂದ ಕಟ್ಟಬಲ್ಲಳು. ಇದು ಯಾವ ಸರಕಾರಿ ಯೋಜನೆಯೂ ಅಲ್ಲದ ಬಡತನ ನಿವಾರಣೆ. ಎಲೆಯ ಮೇಲೆ ಬೂದಿ ಕೂರಲಾಗದಷ್ಟು ನಾಜೂಕಾದ ಗಿಡದ ಮೇಲೆ ಇದೆಲ್ಲ ನಿಂತಿದೆ. ಪರಿಸರವೆಂಬುದು ಕಾಡುಮೃಗಗಳಿಗೆ ಸಂಬಂಧಿಸಿದ ವಿಚಾರ, ಬಡತನವೆಂಬುದು ಮನುಷ್ಯರಿಗೆ ಸಂಬಂಧಿಸಿದ ವಿಚಾರ ಎಂದು ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡುವವರು ಈ ಅಂಗಳವನ್ನು ಕಂಡವರಲ್ಲ. ಬಡವನ ಪಾಲಿಗೆ ಪರಿಸರವೇ ಬ್ಯಾಂಕು. ಸಿರಿವಂತನು ಮಾತ್ರ ಅದನ್ನು ನೋಟವೆಂದು ನೋಡಬಲ್ಲ.

ಇನ್ನು ಪರಿಹಾರದ ಮಾತು. ಕೆಡಿಸಿದವನೇ ತೆರಬೇಕೆಂಬ ನ್ಯಾಯವನ್ನು ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಎತ್ತಿಹಿಡಿಯಿತು. ಒಳ್ಳೆಯ ನ್ಯಾಯ. ಆದರೆ ಅದರಲ್ಲಿ ಒಂದು ಅಪಾಯವುಂಟು. ದಂಡಕ್ಕೂ ಬೆಲೆಗೂ ವ್ಯತ್ಯಾಸವಿದೆ. ತಪ್ಪು ಮಾಡಿದ್ದೀಯೆ, ಇನ್ನು ಮಾಡಬೇಡ ಎಂಬುದು ದಂಡ. ಇಷ್ಟು ಕೊಟ್ಟು ಮಾಡಿಕೋ ಎಂಬುದು ಬೆಲೆ. ಕೈಯಲ್ಲಿ ಹಣವಿದ್ದವನು ದಂಡವನ್ನು ಬೆಲೆಯೆಂದು ಓದಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಿಲ್ಲ. ಮೇಲಾಗಿ, ಮೊದಲ ಘಟಕ ಹೊತ್ತಿಕೊಂಡ ವರ್ಷಕ್ಕೂ ದೊಡ್ಡ ಆದೇಶ ಬಂದ ವರ್ಷಕ್ಕೂ ನಡುವೆ ಹನ್ನೆರಡು ವರ್ಷ. ಆಗ ಹುಟ್ಟಿದ ಮಗು ಅಷ್ಟರಲ್ಲಿ ಪ್ರಾಥಮಿಕ ಶಾಲೆ ಮುಗಿಸುತ್ತಿತ್ತು. ಅದರ ಬಾಲ್ಯವನ್ನು ಯಾವ ಕೋಟಿಯೂ ಹಿಂದಕ್ಕೆ ತರಲಾರದು. ಹಾಗೆಂದು ಆ ಆದೇಶ ವ್ಯರ್ಥವೆನ್ನಲಾರೆ. ಅದರ ಬೆಲೆ ಹಣದಲ್ಲಿಲ್ಲ. ವರ್ಷಗಟ್ಟಲೆ ‘ನಿಮ್ಮದು ಬರಿಯ ಭ್ರಮೆ’ ಎಂದು ಹೇಳಿಸಿಕೊಂಡ ಜನರಿಗೆ, ನೀವು ಹೇಳಿದ್ದು ಬರಿಯ ಭ್ರಮೆಯಾಗಿರಲಿಲ್ಲ ಎಂದು ಅಧಿಕಾರವುಳ್ಳವರೊಬ್ಬರು ಬರೆದುಕೊಟ್ಟರು. ಮನುಷ್ಯನಿಗೆ ನೋವಿಗಿಂತ ಹೆಚ್ಚಿನ ನೋವು, ತನ್ನ ನೋವನ್ನು ಯಾರೂ ನಂಬದಿರುವುದು.

ಇಷ್ಟು ಹೇಳಿದ ಮೇಲೆ ಊರಿನ ಕಡೆಗೂ ಎರಡು ಕಠಿನ ಪ್ರಶ್ನೆಗಳನ್ನು ಕೇಳದಿದ್ದರೆ ನ್ಯಾಯವಾಗುವುದಿಲ್ಲ.

ಒಂದನೆಯದು: ನಮ್ಮೂರಿನಲ್ಲಿ ಬೇಡ ಎಂದರೆ ಮತ್ತೆಲ್ಲಿ? ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಡುತ್ತಿದ್ದಾರೆ. ಅಲ್ಲಿನ ಬೂದಿ ಕೃಷ್ಣೆಯ ದಂಡೆಯವರ ಮೇಲೆ ಬೀಳುತ್ತದೆ. ಅಲ್ಲಿಯ ವಿದ್ಯುತ್ತು ಉಡುಪಿಯಲ್ಲಿಯೂ ಉರಿದಿದೆ. ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ ಮುಳುಗಿದ ಶರಾವತಿಯ ಹಳ್ಳಿಗಳವರಲ್ಲಿ ಎಷ್ಟೋ ಕುಟುಂಬಗಳು ಹೊಸ ನೆಲದ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನಕ್ಕೂ ಮೀರಿ ಅಲೆದಿವೆ. ಅವರ ಬೆಳಕೂ ನಮ್ಮೆಲ್ಲರ ಮನೆಗೆ ಬಂದಿದೆ. ನಮ್ಮಲ್ಲಿ ಮಾತ್ರ ಬೇಡ ಎಂಬ ಮಾತು ಸ್ವಾರ್ಥದ್ದು. ಅದು ಕಷ್ಟವನ್ನು ಅಳಿಸುವುದಿಲ್ಲ, ಹೆಚ್ಚು ಬಡವನಾದ, ಕಡಿಮೆ ಮಾತಾಡಬಲ್ಲ ಇನ್ನೊಬ್ಬನ ಅಂಗಳಕ್ಕೆ ದಾಟಿಸುತ್ತದೆ. ಊರಿನ ಹೋರಾಟ ಧರ್ಮವಾಗುವುದು ಅದು ಮುಂದೊಡ್ಡುವ ಕಾರಣ ಬೇರೆ ಊರಿಗೂ ಸಲ್ಲುವಂತಿದ್ದಾಗ. ‘ಬಾವಿ ಕೆಡಬಾರದು’ ಎಂಬುದು ನಂದಿಕೂರಿಗೂ ಸಲ್ಲುತ್ತದೆ, ಶಕ್ತಿನಗರಕ್ಕೂ ಸಲ್ಲುತ್ತದೆ. ‘ನಮ್ಮ ಬಾವಿ ಕೆಡಬಾರದು’ ಎಂಬುದಕ್ಕೆ ಆ ಬಲವಿಲ್ಲ. ಕೋಟದ ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳು ವರ್ಷ ತುಂಬಿದ ಮೇಲೆ, ಕೈಗಾ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ಆದರೆ ಕೈಗಾ ಅವರ ಊರಾಗಿರಲಿಲ್ಲ ಎಂಬುದನ್ನು ನೆನೆಯಬೇಕು. ಪಕ್ಕದ ಮನೆಯ ಬೆಂಕಿಗೆ ಓಡಿದವನ ಮಾತಿಗೆ ತೂಕ ಬರುತ್ತದೆ.

ಎರಡನೆಯದು: ಊರು ಎಂದರೆ ಯಾರು? ಕರಾವಳಿಯಲ್ಲಿ ‘ಹತ್ತು ಸಮಸ್ತರು’ ಎಂಬ ಸೊಗಸಾದ ಮಾತುಂಟು. ದೈವವು ನುಡಿ ಕೊಡುವಾಗಲೂ, ಆಮಂತ್ರಣ ಪತ್ರಿಕೆಯಲ್ಲಿಯೂ ಹತ್ತು ಸಮಸ್ತರನ್ನು ನೆನೆಯುತ್ತಾರೆ. ಆದರೆ ಈ ಹತ್ತರಲ್ಲಿ ಕೊರಗರ ಲೆಕ್ಕ ಎಷ್ಟನೆಯದು? ಅಂಗಳದಾಚೆ ನಿಂತು ಡೋಲು ಬಾರಿಸಿ, ಎಂಜಲನ್ನು ಎತ್ತಿಕೊಂಡು ಹೋಗತಕ್ಕವರೆಂದು ಅವರನ್ನು ನಡೆಸಿಕೊಂಡದ್ದು ಹೊರಗಿನ ಕಂಪೆನಿಯಲ್ಲ; ಇದೇ ಊರು. ಅಜಲು ಪದ್ಧತಿಯನ್ನು ನಿಲ್ಲಿಸುವುದಕ್ಕೆ 2000ನೆಯ ಇಸವಿಯಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಆಗಸ್ಟ್ 18ರಂದು ಕೊರಗರು ಆಚರಿಸುವ ಭೂಮಿಹಬ್ಬ, ಒಂದು ತುಂಡು ನೆಲಕ್ಕಾಗಿ ಅವರು ನಡೆಸಿದ ಹೋರಾಟದ ನೆನಪು. ಹಾರುಬೂದಿ ಬೀಳುವಾಗ ಜಾತಿ ಕೇಳುವುದಿಲ್ಲ. ಆದರೆ ಪರಿಹಾರ ಹಂಚುವಾಗ ಪಟ್ಟೆ ಕೇಳುತ್ತಾರೆ. ಪಟ್ಟೆಯಿಲ್ಲದ ಕೂಲಿಯವನು, ಗುಡ್ಡದ ಬೀಳುಗಳಿಂದ ಬುಟ್ಟಿ ಹೆಣೆಯುವವನು ಆ ಸಾಲಿನಲ್ಲಿ ನಿಲ್ಲಲಾರ. ತನ್ನೊಳಗಿನ ಕಟ್ಟಕಡೆಯವನ ಬಾಯಿಂದ ಮಾತಾಡಲು ಕಲಿತ ಊರಿಗೆ ಮಾತ್ರ ನಾಡಿನೆದುರು ನಿಂತು ‘ನಾವೂ ನಿಮ್ಮವರು’ ಎನ್ನುವ ಅಧಿಕಾರ ಪೂರ್ತಿಯಾಗಿ ಬರುತ್ತದೆ.

ಸಣ್ಣ ಊರಿನ ಸಣ್ಣ ಸಮಿತಿಯಿಂದ ಏನಾದೀತು ಎಂದು ಕೇಳುವವರುಂಟು. ಉಡುಪಿಯವರು ಇದನ್ನು ಕೇಳಬಾರದು. ಇದೇ ಉಡುಪಿಯಲ್ಲಿ 1925ರಲ್ಲಿ ನೇಕಾರರ ಕಷ್ಟ ನೋಡಿ ಹುಟ್ಟಿದ ಬ್ಯಾಂಕು, 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು ತಂದಿತು. ಎರಡಾಣೆಯನ್ನು ನೋಡಿ ನಕ್ಕವರು ಇದ್ದಿರಬಹುದು. ಅದರಿಂದಲೇ ದೇಶವ್ಯಾಪಿಯಾದ ಬ್ಯಾಂಕು ಬೆಳೆಯಿತು. ನೆರೆಹೊರೆಯ ಕೆಲಸವೂ ಪಿಗ್ಮಿಯ ಹಾಗೆ. ಇಂದು ಈ ಬಾವಿಯ ನೀರು ರುಚಿ ನೋಡಿ ಬರೆದಿಡುವುದು, ನಾಳೆ ಗ್ರಾಮಸಭೆಯಲ್ಲಿ ಎದ್ದುನಿಂತು ಓದುವುದು, ನಾಡಿದ್ದು ಅರ್ಜಿಗೆ ರಸೀದಿ ಕೇಳಿ ಪಡೆಯುವುದು. ಇದರಲ್ಲಿ ವೀರಾವೇಶವಿಲ್ಲ, ಬೇಸರ ಬರುವಷ್ಟು ತಾಳ್ಮೆಯುಂಟು. ಹನ್ನೆರಡು ವರ್ಷದ ಅನಂತರ ಬಂದ ಆದೇಶದ ಹಿಂದಿದ್ದುದು ಇಂಥ ಎರಡಾಣೆಗಳೇ.

ಕೊನೆಯದಾಗಿ ನಮ್ಮ ಮಾತು, ಗುಂಡಿಯೊತ್ತುವ ನಮ್ಮದು. ವಿದ್ಯುತ್ತಿನ ಬಿಲ್ಲು ಕಟ್ಟಿದೊಡನೆ ನಮ್ಮ ಋಣ ತೀರಿತೆಂದು ಭಾವಿಸುವುದು ಸುಲಭ. ಆದರೆ ಆ ಬಿಲ್ಲಿನಲ್ಲಿ ಕಲ್ಲಿದ್ದಲಿನ ಬೆಲೆಯುಂಟು, ತಂತಿಯ ಬೆಲೆಯುಂಟು, ಬಡ್ಡಿಯುಂಟು. ಉಪ್ಪಾದ ಬಾವಿಯ ಬಾಬತ್ತು ಇಲ್ಲ. ಅದನ್ನು ನಮ್ಮ ಪರವಾಗಿ ಇನ್ನೊಬ್ಬರು ತೆತ್ತಿದ್ದಾರೆ. ಹಾಗಾದರೆ ದೀಪವನ್ನು ಆರಿಸಿ ಕೂರಬೇಕೇ? ಅದನ್ನು ಯಾರೂ ಕೇಳುತ್ತಿಲ್ಲ. ಬೂದಿಯನ್ನು ತಡೆಯುವ ಯಂತ್ರಕ್ಕೆ, ಸೋರದ ಕೊಳವೆಗೆ ಹೆಚ್ಚು ಖರ್ಚಾಗಿ ಯೂನಿಟ್ಟಿನ ದರ ಏರಿದರೆ ಗೊಣಗದೆ ಕೊಡಬಹುದು. ಅನಾವಶ್ಯಕವಾದದ್ದನ್ನು ಆರಿಸಬಹುದು. ಯಾವುದೋ ಊರಿನವರು ಬೇಡವೆಂದು ದಾರಿಯಲ್ಲಿ ಕೂತರೆಂಬ ಸುದ್ದಿಯನ್ನು ಓದಿದಾಗ, ಅಭಿವೃದ್ಧಿಗೆ ಅಡ್ಡಿಯೆಂದು ಪುಟ ತಿರುವುವ ಮೊದಲು ಆ ಬೇಡಿಕೆಯನ್ನು ಕೊನೆಯವರೆಗೆ ಓದಬಹುದು. ಹಣತೆಯ ಕಾಲದ ಗೃಹಿಣಿ ಬುಡದ ಕತ್ತಲೆಯನ್ನು ಹೋಗಲಾಡಿಸಲಾರದವಳಾಗಿದ್ದಳು. ಆದರೆ ಅಲ್ಲಿ ಕತ್ತಲೆಯಿದೆಯೆಂದು ಅವಳಿಗೆ ಗೊತ್ತಿತ್ತು. ಕಾಲಿಟ್ಟು ಎಡವದಂತೆ ಮಕ್ಕಳಿಗೆ ಎಚ್ಚರ ಹೇಳುತ್ತಿದ್ದಳು. ಅವಳಷ್ಟು ಎಚ್ಚರವಾದರೂ ನಮಗಿರಬೇಡವೇ?